ಬೋರ್ಡಿನ ಮೇಲಿನ ತಮ್ಮ

ನಮ್ಮ ಫಿಟ್ಟರು ಪರೀಕ್ಷೆ ಮಾಡದೆ ಯಾವ ಕೆಲಸಕ್ಕೂ ಕೈ ಹಾಕಿದವರಲ್ಲ. ಚಪ್ಪಲಿ ಕೊಳ್ಳಬೇಕಾದರೆ ಅಂಗಡಿಯೊಳಗೇ ಹತ್ತು ಸುತ್ತು ನಡೆದು, ಹೊರಗಿನ ಮೆಟ್ಟಿಲನ್ನು ಎರಡು ಸಲ ಹತ್ತಿ ಇಳಿದು, ಕೊನೆಗೆ "ಯೋಚನೆ ಮಾಡಿ ಹೇಳ್ತೀನಿ" ಎಂದು ಹಳೆಯ ಚಪ್ಪಲಿಯನ್ನೇ ಮೆಟ್ಟಿಕೊಂಡು ಹೊರಟುಬಿಡುವವರು. ಮದುವೆಗೆ ಮುಂಚೆ ಹುಡುಗಿಯ ಮನೆಗೆ ಮೂರು ಸಲ ಹೋಗಿದ್ದರಂತೆ. ಮೂರನೆಯ ಸಲ ಹುಡುಗಿಯೇ ಬಾಗಿಲಿಗೆ ಬಂದು, "ಇನ್ನೇನು ನೋಡೋದು ಬಾಕಿ ಇದೆ?" ಎಂದು ಕೇಳಿದ ಮೇಲೆ ಒಪ್ಪಿಕೊಂಡರಂತೆ. ಇಂಥ ಮನುಷ್ಯ ಐವತ್ತೊಂದನೆಯ ವಯಸ್ಸಿನಲ್ಲಿ ಮೂಗು ಬದಲಾಯಿಸಲು ಹೊರಟರೆ ಅದು ಒಂದೇ ಏಟಿಗೆ ಆಗಿಹೋಗುವ ಮಾತೇ?

ಅವರು ಕನ್ನಡಕದ ಅಂಗಡಿಯಲ್ಲಿ ಫಿಟ್ಟರು. ಗಾಜಿನ ಅಂಚು ಸವೆಸಿ ಫ್ರೇಮಿಗೆ ಕೂರಿಸುವುದು, ಕಡ್ಡಿಯನ್ನು ಬಿಸಿ ಗಾಳಿಗೆ ಹಿಡಿದು ಬಗ್ಗಿಸುವುದು, ಗಿರಾಕಿಯ ಕಿವಿಗೂ ಮೂಗಿಗೂ ಹೊಂದಿಸಿ ಕಳಿಸುವುದು, ಇಪ್ಪತ್ತಾರು ವರ್ಷಗಳಿಂದ ಇದೇ ಕೆಲಸ. ಬೇರೆಯವರು ಜನರನ್ನು ಮುಖ ನೋಡಿ ಗುರುತು ಹಿಡಿದರೆ ಇವರು ಮೂಗು ನೋಡಿ ಹಿಡಿಯುತ್ತಿದ್ದರು. ಹೆಸರು ಮರೆತರೂ, ಯಾರ ಮೂಗು ಎಡಕ್ಕೆ ವಾಲಿದೆ, ಯಾರದಕ್ಕೆ ಕನ್ನಡಕದ ಪ್ಯಾಡು ಅಗಲಿಸಬೇಕು ಎಂಬುದನ್ನು ಮರೆತವರಲ್ಲ. ಊರಿನ ಮೂಗನ್ನೆಲ್ಲ ಇಷ್ಟು ಬಲ್ಲವರು ತಮ್ಮದನ್ನು ಮಾತ್ರ ಸರಿಯಾಗಿ ನೋಡಿರಲಿಲ್ಲ. ಅಂಗಡಿ ಹೊಸ ಮಾಲೀಕರ ಕೈಗೆ ಹೋಗಿ, ಅವರು ಮೂರು ಮಡಿಕೆಯ ದೊಡ್ಡ ಕನ್ನಡಿಯೊಂದನ್ನು ಕಳಿಸಿದ ದಿನ ಆಪತ್ತು ಬಂತು. ಆ ಕನ್ನಡಿಯಲ್ಲಿ ಮನುಷ್ಯ ತನ್ನ ಮುಖವನ್ನು ಪಕ್ಕದಿಂದ ನೋಡಿಕೊಳ್ಳಬಹುದಿತ್ತು. ಫಿಟ್ಟರು ನೋಡಿಕೊಂಡರು. ಹುಬ್ಬುಗಳ ನಡುವೆ ಒಂದು ತಗ್ಗು, ಅದರ ಕೆಳಗೆ ವಾಹನ ನಿಧಾನ ಮಾಡಲು ರಸ್ತೆಯಲ್ಲಿ ಹಾಕುತ್ತಾರಲ್ಲ, ಅಂಥದೊಂದು ಉಬ್ಬು. ಅವರ ಸ್ವಂತ ಕನ್ನಡಕ ತಗ್ಗಿನಿಂದ ಜಾರಿ ಜಾರಿ ಬಂದು ಆ ಉಬ್ಬಿಗೆ ಒರಗಿ ನಿಂತಿತ್ತು.

ಅಂದಿನಿಂದ ಅವರಿಗೆ ಊಟ ರುಚಿಸಲಿಲ್ಲ. ವಾರದೊಳಗೆ ಒಂದು ಕ್ಲಿನಿಕ್ಕಿನ ಕರಪತ್ರ ಅವರ ಜೇಬು ಸೇರಿತ್ತು. ಉಬ್ಬಿನ ಮೇಲೂ ಕೆಳಗೂ ಜೆಲ್ಲಿಯಂಥ ಮದ್ದನ್ನು ಇಂಜೆಕ್ಷನ್ನಿನಲ್ಲಿ ತುಂಬಿದರೆ ಹದಿನೈದು ನಿಮಿಷದಲ್ಲಿ ಮೂಗು ನೇರ, ಕತ್ತರಿಯಿಲ್ಲ, ಹೊಲಿಗೆಯಿಲ್ಲ, ವರ್ಷ ಒಂದೂವರೆ ವರ್ಷದಲ್ಲಿ ಮದ್ದು ತಾನಾಗಿ ಕರಗುತ್ತದೆ ಎಂದು ಅದರಲ್ಲಿತ್ತು. ಫಿಟ್ಟರ ಸ್ವಭಾವಕ್ಕೆ ಹೇಳಿ ಮಾಡಿಸಿದ ವ್ಯವಸ್ಥೆ. ಮೂಳೆ ಉಜ್ಜಿಸುವ ಆಪರೇಷನ್ ಎಂದರೆ ಮನೆ ಕೊಂಡ ಹಾಗೆ, ಇಂಜೆಕ್ಷನ್ ಎಂದರೆ ಅದೇ ಮನೆಯಲ್ಲಿ ಮೊದಲು ಬಾಡಿಗೆಗೆ ಇದ್ದು ನೋಡಿದ ಹಾಗೆ. ಮೂರು ವಾರದ ನಂತರದ ಒಂದು ಬುಧವಾರಕ್ಕೆ ಡಾಕ್ಟರನ್ನು ಕಾಣಲು ಹೆಸರು ಬರೆಸಿದರು. ಆದರೆ ಬಾಡಿಗೆಗೆ ಹೋಗುವ ಮುಂಚೆ ಒಂದು ದಿನ ಜಗುಲಿಯ ಮೇಲಾದರೂ ಕೂತು ನೋಡಬೇಡವೇ? ನಾಟಕದ ಸಾಮಾನು ಮಾರುವ ಅಂಗಡಿಗೆ ಹೋಗಿ, ವೇಷದವರು ಮೂಗಿಗೆ ಮೆತ್ತುವ ಮೇಣದ ಒಂದು ಡಬ್ಬಿ ತಂದರು.

ಒಂದು ಬೆಳಿಗ್ಗೆ ಹೆಂಡತಿ ಸ್ನಾನಕ್ಕೆ ಹೋದ ಹೊತ್ತು ನೋಡಿ, ಅವಳ ಪೌಡರ್ ಡಬ್ಬಿಯನ್ನೂ ಎತ್ತಿಕೊಂಡು ಕನ್ನಡಿಯ ಮುಂದೆ ಕೂತರು. ತಗ್ಗಿಗೆ ಒಂದು ಉಂಡೆ, ಉಬ್ಬಿನ ಕೆಳಗೆ ಅರ್ಧ ಉಂಡೆ. ಗಾಜಿನ ಅಂಚನ್ನು ಕೂದಲೆಳೆಯಷ್ಟು ಸವೆಸಿ ಪಳಗಿದ ಕೈ. ಸೇರಿದ ಗೆರೆ ಕಾಣದಂತೆ ತೀಡಿ ಮೇಲೆ ಪೌಡರ್ ಹಾಕಿದರು. ಮೂಗು ಅಡ್ಡಿಯಿಲ್ಲದ ರಸ್ತೆಯಾಯಿತು. ಹೆಂಡತಿ ಹೊರಬರುವ ಮೊದಲೇ "ಅರ್ಜೆಂಟ್ ಕೆಲಸ" ಎಂದು ಕೂಗಿ ಬೀದಿಗೆ ಬಿದ್ದರು.

ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಮೇಡಂ ಒಬ್ಬರು ತಿಂಗಳ ಹಿಂದೆ ಸೇರಿದ್ದರು. ಅವರು ಇವರನ್ನು ನೋಡಿ, "ಇವತ್ತು ಏನೋ ಕಳೆ ಬಂದಿದೆಯಲ್ಲ ಸಾರ್. ರಾತ್ರಿ ಚೆನ್ನಾಗಿ ನಿದ್ದೆ ಬಂತಾ?" ಎಂದರು. ಫಿಟ್ಟರಿಗೆ ಸ್ವರ್ಗ ಮೂರೇ ಗೇಣು. ಅಷ್ಟರಲ್ಲಿ ಹೊಸ ಮಾಲೀಕರ ಕಚೇರಿಯಿಂದ ಫೋನು ಬಂತು. ಅಂಗಡಿಗೆ ದೊಡ್ಡ ಬೋರ್ಡು ಮಾಡಿಸುತ್ತೇವೆ, ಹೊಸ ಫ್ರೇಮು ಹಾಕಿಕೊಂಡ ಕೆಲಸಗಾರರೊಬ್ಬರ ಫೋಟೋ ಅರ್ಧ ಗಂಟೆಯಲ್ಲಿ ಕಳಿಸಿ, ಎಂದು.

"ನೀವೇ ಸರಿ ಸಾರ್," ಎಂದರು ಮೇಡಂ.

"ಇವತ್ತು ಬೇಡಮ್ಮ."

"ಯಾಕೆ?"

ಯಾಕೆ ಎಂಬ ಪ್ರಶ್ನೆಗೆ ಇದ್ದ ಒಂದೇ ಉತ್ತರ ಮೂಗಿನ ಮೇಲಿತ್ತು. ಅದನ್ನು ಹೇಳುವ ಹಾಗಿರಲಿಲ್ಲ. ಮೇಡಂ ಪಕ್ಕದ ಟೈಲರ್ ಅಂಗಡಿಯಿಂದ ಯಾರದೋ ಕೋಟು ತಂದು ಇವರಿಗೆ ತೊಡಿಸಿ, ಕೂದಲನ್ನು ಹಿಂದಕ್ಕೆ ಬಾಚಿ, ಹೊಳೆಯುವ ಹೊಸ ಫ್ರೇಮನ್ನು ಮೂಗಿನ ಮೇಲೆ ಇಟ್ಟರು. ಅದು ಜಾರಲಿಲ್ಲ. ಕ್ಲಿಕ್ ಎಂದಿತು. ಸಂಜೆ ಫಿಟ್ಟರು ಅಂಗಡಿಯ ಬಚ್ಚಲಲ್ಲಿ ಮೇಣ ಕಿತ್ತು, ಮುಖ ತೊಳೆದು, ಯಥಾಪ್ರಕಾರದ ಮೂಗಿನೊಂದಿಗೆ ಮನೆಗೆ ಬಂದರು. ಫೋಟೋದ ವಿಷಯ ಅಲ್ಲಿಗೆ ಮುಗಿಯಿತೆಂದು ತಿಳಿದರು, ಪಾಪ.

ಹತ್ತು ದಿನಕ್ಕೆ ಬೋರ್ಡು ಮೇಲೇರಿತು. ಮೂಗೇ ಒಂದು ಮೊಳ ಉದ್ದ. ಹೆಂಡತಿ ಅತ್ತ ಹೋದಾಗ ನೋಡಿ ಬಂದು, "ರೀ, ಬೋರ್ಡಲ್ಲಿ ನಿಮ್ಮನ್ನ ಕಂಪ್ಯೂಟರಿಗೆ ಹಾಕಿ ಏನೋ ತಿದ್ದಿದ್ದಾರೆ. ಯಾರದೋ ಕೋಟು ಬೇರೆ," ಎಂದು ಹೇಳಿ ಸುಮ್ಮನಾದಳು. ಆದರೆ ಎಲ್ಲರೂ ಹೆಂಡತಿಯಾಗಲು ಸಾಧ್ಯವೇ? ಪಕ್ಕದ ಮನೆಯಲ್ಲಿ ನಿವೃತ್ತ ಪೋಸ್ಟ್‌ಮಾಸ್ಟರು ಇದ್ದರು. ಕೆಲಸದಲ್ಲಿದ್ದಾಗ ಊರಿನ ಸುದ್ದಿಯೆಲ್ಲ ಕವರ್ ಒಡೆಯದೆ ಅವರಿಗೆ ತಿಳಿಯುತ್ತಿತ್ತು. ಈಗ ಅಂಚೆಚೀಟಿಯ ಖರ್ಚಿಲ್ಲದೆ ಬಟವಾಡೆ ಮಾಡುತ್ತಿದ್ದರು. ಅವರು ಒಂದು ಬೆಳಿಗ್ಗೆ ಬೋರ್ಡಿನ ಕೆಳಗೆ ಫಿಟ್ಟರನ್ನು ತಡೆದು ನಿಲ್ಲಿಸಿದರು.

"ಫಿಟ್ಟರೇ, ಯಾರಿವರು?"

ಗುರುತು ಸಿಗಲಿ ಎಂದು ಫಿಟ್ಟರು ನಗುತ್ತಾ ನಿಂತರು.

"ನಿಮ್ಮ ಮುಖದ ಛಾಯೆ ಇದೆ. ಆದ್ರೆ ಮನುಷ್ಯ ಲಕ್ಷಣವಾಗಿದ್ದಾನೆ," ಎಂದರು ಪೋಸ್ಟ್‌ಮಾಸ್ಟರು. "ನಿಮ್ಮ ತಮ್ಮನಾ?"

ಇಲ್ಲಿ 'ನಾನೇ' ಎಂದಿದ್ದರೆ ಕಥೆಯೇ ಇರುತ್ತಿರಲಿಲ್ಲ. ಆದರೆ ನಾನೇ ಎಂದರೆ ಪೋಸ್ಟ್‌ಮಾಸ್ಟರು ಒಮ್ಮೆ ಮೇಲೆ ನೋಡುತ್ತಾರೆ, ಒಮ್ಮೆ ಕೆಳಗೆ ನೋಡುತ್ತಾರೆ, ನಡುವಿನ ವ್ಯತ್ಯಾಸಕ್ಕೆ ಲೆಕ್ಕ ಕೇಳುತ್ತಾರೆ. ಫಿಟ್ಟರು "ಹೂಂ" ಎಂದುಬಿಟ್ಟರು.

"ಇಷ್ಟು ವರ್ಷ ಹೇಳಲೇ ಇಲ್ಲ ನೀವು."

"ಅವನು ಹೊರಗಡೆ ಇರ್ತಾನೆ."

"ಏನು ಕೆಲಸ?"

ಫಿಟ್ಟರು ತಲೆ ಎತ್ತಿ ನೋಡಿದರು. "ಬೋರ್ಡಿನ ಕೆಲಸ," ಎಂದರು.

ಈಗ ಮನೆಯ ವಿಷಯ ಹೇಳಬೇಕು. ಫಿಟ್ಟರು ಇದ್ದದ್ದು ತೀರಿಹೋದ ತಂದೆ ಕಟ್ಟಿಸಿದ ಮೂರು ಕೋಣೆಯ ಮನೆಯಲ್ಲಿ. ತಂದೆ ಎಂಟು ವರ್ಷ ರಜೆಯ ದಿನವೆಲ್ಲ ಗಾರೆ ಕಲಸಿ, ತಾವೇ ನೀರು ಹೊತ್ತು ಕಟ್ಟಿದ್ದು. ಅದರ ದಾಖಲೆ ಇನ್ನೂ ತಂದೆಯ ಹೆಸರಿನಲ್ಲೇ ಇತ್ತು. 'ಯೋಚನೆ ಮಾಡಿ' ಹೆಸರು ಬದಲಾವಣೆಗೆ ಅರ್ಜಿ ಹಾಕುವಷ್ಟರಲ್ಲಿ ಏಳು ವರ್ಷ ಕಳೆದಿತ್ತು. ಕೊನೆಗೂ ಹಾಕಿದ್ದರು, ತಂದೆಗೆ ತಾನು ಒಬ್ಬನೇ ಮಗ ಎಂದು ಪ್ರಮಾಣಪತ್ರವನ್ನೂ ಕೊಟ್ಟಿದ್ದರು. ಬೋರ್ಡು ಏರಿದ ಮರುವಾರ ಅರ್ಜಿ ಹಾಕಿದ ಸರ್ಕಾರಿ ಕಚೇರಿಯಿಂದ ಕರೆ ಬಂತು. ಸಹಿಯಾಗಿರಬೇಕೆಂದು ಫಿಟ್ಟರು ಹೊಸ ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು ಹೋದರು.

ಗುಮಾಸ್ತರು ಕಡತ ಬಿಚ್ಚಿ, ಪ್ರಮಾಣಪತ್ರದ ಮೇಲೆ ಬೆರಳಿಟ್ಟರು. "ಒಬ್ಬನೇ ಮಗ ಅಂತ ಬರೆದಿದ್ದೀರಿ."

"ಹೌದು ಸಾರ್."

"ನಿಮ್ಮ ತಮ್ಮ?"

"ಯಾವ ತಮ್ಮ?"

ಗುಮಾಸ್ತರು ಫೋನು ತೆಗೆದು ಬೋರ್ಡಿನ ಚಿತ್ರ ತೋರಿಸಿದರು. "ಈ ತಮ್ಮ. ಊರಿಗೆಲ್ಲ ಕಾಣೋ ಹಾಗೆ ಇಪ್ಪತ್ತಡಿ ಎತ್ತರಕ್ಕೆ ಏರಿಸಿದ್ದೀರಿ, ಕಚೇರಿಯಿಂದ ಮಾತ್ರ ಮುಚ್ಚಿಡ್ತೀರಾ?"

"ಅದು ನಾನೇ ಸಾರ್."

ಗುಮಾಸ್ತರು ಫೋನು ನೋಡಿದರು, ಫಿಟ್ಟರ ಮೂಗು ನೋಡಿದರು. "ಪೋಸ್ಟ್‌ಮಾಸ್ಟರ ಹತ್ರ ತಮ್ಮ ಅಂತೀರಿ, ನಮ್ಮ ಹತ್ರ ನಾನೇ ಅಂತೀರಿ. ಒಂದು ಮಾತಿನ ಮೇಲೆ ನಿಲ್ಲಿ."

"ನನಗೆ ತಮ್ಮನೇ ಇಲ್ಲ ಸಾರ್."

"ಹಾಗಾದ್ರೆ ತಾನು ಇಲ್ಲ ಅಂತ ನಿಮ್ಮ ತಮ್ಮನಿಂದ ಒಂದು ಕಾಗದ ಬರೆಸ್ಕೊಂಡು ಬನ್ನಿ."

"ಇಲ್ಲದವನು ಹೇಗೆ ಸಾರ್ ಬರ್ಕೊಡ್ತಾನೆ?"

"ಅದು ನಿಮ್ಮ ಮನೆ ವಿಷಯ, ನಾವು ತಲೆ ಹಾಕಲ್ಲ. ಶುಕ್ರವಾರ ಅಣ್ಣ ತಮ್ಮ ಇಬ್ಬರೂ ಒಟ್ಟಿಗೆ ಸಾಹೇಬರ ಮುಂದೆ ಹಾಜರಾಗ್ಬೇಕು. ಈ ತಿಂಗಳ ಕೊನೆಗೆ ಹಳೇ ಕಡತ ಎಲ್ಲ ಮುಚ್ತೀವಿ. ಆಮೇಲೆ ನೀವುಂಟು, ಕೋರ್ಟುಂಟು."

ಕೋರ್ಟು ಎಂದ ಕೂಡಲೇ ಫಿಟ್ಟರು ಹೊಸ ಪೆನ್ನನ್ನು ಜೇಬಿನ ಆಳಕ್ಕೆ ತುರುಕಿದರು. ಅಪ್ಪನ ಬೆನ್ನು ಬಾಗಿದ್ದೇ ಆ ಮನೆಯಿಂದ. ಒಂದು 'ಹೂಂ'ನಿಂದ ಅದು ಕೈ ತಪ್ಪುವುದೆಂದರೇನು?

ಸಂಕಟ ಒಂಟಿಯಾಗಿ ಬರುವುದಿಲ್ಲ, ಕೈಚೀಲ ಹಿಡಿದುಕೊಂಡು ಬರುತ್ತದೆ. ಮರುದಿನ ಸೋದರತ್ತೆ ಬಂದಿಳಿದರು. ಫಿಟ್ಟರ ತಂದೆಯ ತಂಗಿ, ಎಪ್ಪತ್ತಾರು ವರ್ಷ, ಕಂಚಿನ ಕಂಠ. ಪೋಸ್ಟ್‌ಮಾಸ್ಟರ ಬಟವಾಡೆ ಅವರ ಊರಿಗೂ ತಲುಪಿತ್ತು. ಅತ್ತೆ ಒಳಗೆ ಬಂದವರೇ ಅಣ್ಣನ ಫೋಟೋದ ಮುಂದೆ ನಿಂತು, "ನೀನು ಇಂಥವನು ಅಂತ ಗೊತ್ತಿರ್ಲಿಲ್ಲ ಬಿಡಪ್ಪ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

"ಏನಾಯ್ತು ಅತ್ತೆ?"

"ಇನ್ನೇನಾಗ್ಬೇಕು? ನಮ್ಮತ್ತಿಗೆಗೆ ನೀನೊಬ್ಬನೇ ಮಗ. ಈಗ ನಿನಗೆ ತಮ್ಮ ಹುಟ್ಟಿದ್ದಾನೆ. ಅಂದ್ರೆ ನಮ್ಮಣ್ಣ ಇನ್ನೊಂದು ಮನೆ ಮಾಡಿದ್ದ ಅಂತಾಯ್ತು."

"ಛೇ, ಅಪ್ಪ ಅಂಥವರಾ?"

"ನಾನೂ ಹಾಗೇ ಅಂದ್ಕೊಂಡಿದ್ದೆ. ಈಗ ಒಂದೊಂದೇ ನೆನಪಾಗ್ತಿದೆ. ಮನೆ ಕಟ್ಟಿ ಮುಗಿದ ಮೇಲೆ ಪ್ರತಿ ಭಾನುವಾರ ಮೀನು ಹಿಡಿಯೋಕೆ ಹೋಗ್ತೀನಿ ಅಂತ ಹೋಗ್ತಿದ್ದ. ಒಂದು ದಿನಾನಾದ್ರೂ ಮೀನು ತಂದಿದ್ನಾ?"

"ಅಪ್ಪನಿಗೆ ಮೀನು ಹಿಡಿಯೋಕೆ ಬರ್ತಿರಲಿಲ್ಲ ಅತ್ತೆ."

"ಅದನ್ನೇ ನಾನೂ ಹೇಳ್ತಿರೋದು."

ಫಿಟ್ಟರ ಹೆಂಡತಿ ಅಡುಗೆಮನೆಯಿಂದ ಬಂದು, "ಅತ್ತೆ, ಬೋ‌ರ್ಡಲ್ಲಿರೋದು ಇವರೇ. ಕಂಪ್ಯೂಟರಲ್ಲಿ ತಿದ್ದಿದ್ದಾರೆ," ಎಂದಳು. ಅತ್ತೆ ಅವಳ ಎರಡೂ ಕೈ ಹಿಡಿದುಕೊಂಡರು. "ಸೊಸೆ ಅಂದ್ರೆ ನೀನಮ್ಮ. ಮನೆ ಮಾನ ಮುಚ್ಚೋಕೆ ನೋಡ್ತಿದ್ದೀಯ. ಆದ್ರೆ ನಾನು ಬಸ್ಸಿಳಿದು ಸೀದಾ ಬೋರ್ಡಿನ ಕೆಳಗೆ ಹೋಗಿ ಒಂದು ಗಂಟೆ ನಿಂತು ನೋಡಿದೀನಿ. ಅದು ನಮ್ಮ ಮನೆತನದ ಮೂಗು. ಕತ್ತಿ ಇದ್ದ ಹಾಗಿದೆ. ಇವನಿಗೆ ಅವರಮ್ಮನ ಕಡೆಯದು ಬಂದಿದೆ. ರಕ್ತ ಸುಳ್ಳು ಹೇಳಲ್ಲ." ಸ್ವಲ್ಪ ಹೊತ್ತು ಬಿಕ್ಕಿ, ಆಮೇಲೆ ದನಿ ತಗ್ಗಿಸಿದರು. "ಆ ಹುಡುಗನ ತಪ್ಪೇನಿದೆ? ಮದುವೆ ಆಗಿದ್ಯಾ ಅವನಿಗೆ? ನಮ್ಮ ಬೀದಿಯಲ್ಲಿ ಒಬ್ಬಳು ನರ್ಸ್ ಇದ್ದಾಳೆ. ವಯಸ್ಸು ಸ್ವಲ್ಪ ಮೀರಿದೆ, ಗುಣ ಚೆನ್ನಾಗಿದೆ."

ಮೇಣದ ಡಬ್ಬಿ ತಂದು ತೋರಿಸಿದ್ದರೆ ಎಲ್ಲವೂ ಎರಡು ನಿಮಿಷದಲ್ಲಿ ಇತ್ಯರ್ಥವಾಗುತ್ತಿತ್ತು ಎಂದು ಓದುಗರು ಹೇಳಬಹುದು. ಐವತ್ತೊಂದನೆಯ ವಯಸ್ಸಿನಲ್ಲಿ ಹೆಂಡತಿಯ ಪೌಡರ್ ಕದ್ದು ಮೂಗು ಮಾಡಿಕೊಂಡೆ ಎಂದು ಸೋದರತ್ತೆಯ ಮುಂದೆ ಹೇಳಬೇಕಾದ ಪ್ರಸಂಗ ಓದುಗರಿಗೆ ಬಂದಿಲ್ಲ, ಅಷ್ಟೆ. ಫಿಟ್ಟರ ತಲೆ ಬೇರೆ ದಾರಿ ಹಿಡಿಯಿತು. ನಾಳೆ ಬುಧವಾರ. ಡಾಕ್ಟರ ಬಳಿ ಹೋಗಿ ಇಂಜೆಕ್ಷನ್ ಹಾಕಿಸಿಕೊಂಡರೆ ಮೂಗು ಬೋರ್ಡಿನವನ ಮೂಗಿನಂತಾಗುತ್ತದೆ. ಆಗ ಬೋರ್ಡಿನವನು ನಾನೇ ಎಂದು ಕುರುಡನಿಗೂ ತಿಳಿಯುತ್ತದೆ. ನಾನೇ ಆದ ಮೇಲೆ ತಮ್ಮನಿಲ್ಲ. ತಮ್ಮನಿಲ್ಲದಿದ್ದರೆ ಅಪ್ಪನ ಹೆಸರಿಗೆ ಕಳಂಕವಿಲ್ಲ, ಮನೆಗೂ ಅಪಾಯವಿಲ್ಲ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡವರ ಕಥೆ ಕೇಳಿದ್ದೇವೆ. ಸುಳ್ಳಾಯಿತೆಂದು ಮೂಗು ತುಂಬಿಸಿಕೊಳ್ಳಲು ಹೊರಟವರು ಇವರೇ ಮೊದಲು.

ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮ ಬೆಳ್ಳಗಿನ ಮೇಜಿನ ಹಿಂದೆ ಕೂತಿದ್ದರು. ಅವರ ಕನ್ನಡಕ ಎರಡು ಮಾತಿಗೊಮ್ಮೆ ಜಾರುತ್ತಿತ್ತು, ಅವರು ಎರಡು ಮಾತಿಗೊಮ್ಮೆ ಏರಿಸುತ್ತಿದ್ದರು. ಫಿಟ್ಟರ ಕೈ ಅದನ್ನು ನೋಡಿಯೇ ತುರಿಸತೊಡಗಿತು. ತಡೆದುಕೊಂಡು, ಬೋರ್ಡಿನ ಫೋಟೋ ಮುಂದಿಟ್ಟರು.

"ಈ ಮೂಗು ಬೇಕು ಡಾಕ್ಟರೇ. ನಾಳಿದ್ದು ಶುಕ್ರವಾರದೊಳಗೆ."

"ಯಾರಿವರು?"

"ನಾನೇ."

"ಹಾಗಾದ್ರೆ ಮೂಗು ಆಗ್ಲೇ ಇದೆಯಲ್ಲ."

"ಅದು ಮೇಣ," ಎಂದರು ಫಿಟ್ಟರು. ಹದಿನೈದು ದಿನದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಗುರುತಿಲ್ಲದವರ ಮುಂದೆ ಸಲೀಸಾಗಿ ಹೊರಬಂತು.

ಡಾಕ್ಟರಮ್ಮ ಅವರ ಮೂಗನ್ನು ಮೇಲಿಂದ ಕೆಳಗೆ ಬೆರಳಲ್ಲಿ ಸವರಿ ನೋಡಿದರು. "ನೋಡಿ, ಇಂಜೆಕ್ಷನ್ ಉಬ್ಬನ್ನ ಕರಗಿಸಲ್ಲ. ಸುತ್ತ ತುಂಬಿ ಮುಚ್ಚುತ್ತೆ. ಮೂಗು ನೇರ ಕಾಣುತ್ತೆ, ಆದ್ರೆ ಚಿಕ್ಕದಾಗಲ್ಲ. ಇನ್ನೂ ಸ್ವಲ್ಪ ದೊಡ್ಡದೇ ಆಗುತ್ತೆ."

"ಪರವಾಗಿಲ್ಲ. ಮುಂದೆ ಆಪರೇಷನ್ ಮಾಡಿಸ್ತೀನಿ. ಇದು ಬರೀ ನೋಡೋಕೆ."

"ಆಪರೇಷನ್ ಮಾಡಿಸೋ ಮನಸ್ಸಿದ್ರೆ, ಈಗ ತುಂಬಿದ್ದನ್ನ ಆಗ ಮತ್ತೆ ಕರಗಿಸ್ಬೇಕು. ಕರಗಿಸಿ ಕಾಯ್ಬೇಕು. ಒಳಗೆ ಹಳೇದು ಉಳಿದಿದ್ರೆ ಸರ್ಜನ್‌ಗೆ ನಿಮ್ಮ ಮೂಗಿನ ನಿಜವಾದ ಆಕಾರವೇ ಗೊತ್ತಾಗಲ್ಲ." ಕನ್ನಡಕ ಏರಿಸಿದರು. "ಇನ್ನೊಂದು ವಿಷಯ, ಮುಚ್ಚಿಡೋ ಹಾಗಿಲ್ಲ. ಮೂಗಿನ ರಕ್ತನಾಳಕ್ಕೂ ಕಣ್ಣಿನ ರಕ್ತನಾಳಕ್ಕೂ ಸಂಬಂಧ ಇದೆ. ತುಂಬಾ ಅಪರೂಪ, ಆದ್ರೂ ಮದ್ದು ತಪ್ಪಿ ನಾಳದೊಳಗೆ ಹೋದ್ರೆ ಚರ್ಮ ಹಾಳಾಗ್ಬಹುದು, ದೃಷ್ಟಿಗೂ ಅಪಾಯ ಆಗ್ಬಹುದು."

ಕಣ್ಣಿನ ಹೆಸರಲ್ಲಿ ಇಪ್ಪತ್ತಾರು ವರ್ಷ ಅನ್ನ ತಿಂದ ಮನುಷ್ಯ ಎರಡೂ ಕೈಯಿಂದ ತಮ್ಮ ಕನ್ನಡಕವನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಅದೂ ಒಂದಿದೆ," ಎಂದರು ಡಾಕ್ಟರಮ್ಮ. "ಇಂಜೆಕ್ಷನ್ ಆದ್ಮೇಲೆ ಎರಡು ವಾರ ಮೂಗಿನ ಮೇಲೆ ಕನ್ನಡಕ ಇಡೋ ಹಾಗಿಲ್ಲ. ಒತ್ತಿದ್ರೆ ಆಕಾರ ಕೆಡುತ್ತೆ."

"ಆಪರೇಷನ್ ಆದ್ರೆ?"

"ಒಂದೂವರೆ ತಿಂಗಳು."

ಕನ್ನಡಕ ತೆಗೆದರೆ ಫಿಟ್ಟರಿಗೆ ಹೆಂಡತಿಗೂ ಬೀರುವಿಗೂ ಇರುವ ವ್ಯತ್ಯಾಸ ಎತ್ತರದಿಂದ ಮಾತ್ರ ತಿಳಿಯುತ್ತಿತ್ತು. ಅದಿರಲಿ, ಬೋರ್ಡಿನವನು ಕನ್ನಡಕ ಹಾಕಿಕೊಂಡಿದ್ದಾನೆ. ಮೂಗು ಬೋರ್ಡಿನಂತಾದರೆ ಕನ್ನಡಕವಿಲ್ಲ, ಕನ್ನಡಕವಿದ್ದರೆ ಬೋರ್ಡಿನ ಮೂಗಿಲ್ಲ. ಶುಕ್ರವಾರಕ್ಕೇ ಯಾಕೆ ಬೇಕೆಂದು ಡಾಕ್ಟರಮ್ಮ ಕೇಳಿದ್ದೇ ತಡ, ಬೋರ್ಡು, ಪೋಸ್ಟ್‌ಮಾಸ್ಟರು, ಗುಮಾಸ್ತರು, ಅತ್ತೆ, ನರ್ಸು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದರು.

ಡಾಕ್ಟರಮ್ಮ ನಗಬಾರದೆಂದು ಬಹಳ ಪ್ರಯತ್ನಪಟ್ಟರು. ಭಾನುವಾರದ ಮೀನಿನವರೆಗೆ ತಡೆದರು. ಆಮೇಲೆ ನಕ್ಕ ನಗೆಗೆ ಅವರ ಕನ್ನಡಕ ಮೇಜಿನ ಮೇಲೆ ಬಿತ್ತು. ಅದು ನೆಲಕ್ಕೆ ಉರುಳುವ ಮೊದಲೇ ಫಿಟ್ಟರ ಕೈಯಲ್ಲಿತ್ತು. ಜೇಬಿನ ಪುಟ್ಟ ಸ್ಕ್ರೂ ಡ್ರೈವರ್ ಹೊರಗೆ ಬಂತು. ಪ್ಯಾಡನ್ನು ಒಂದಿಷ್ಟು ಒಳಕ್ಕೆ ಒತ್ತಿ, ಕಡ್ಡಿಯ ತುದಿಯನ್ನು ಹೆಬ್ಬೆರಳಿಂದ ಬಗ್ಗಿಸಿ, ಡಾಕ್ಟರಮ್ಮನ ಮೂಗಿನ ಮೇಲೆ ಮೆಲ್ಲನೆ ಇಟ್ಟರು. ಅವರು ತಲೆ ಕೆಳಗೆ ಮಾಡಿದರು, ಮೇಲೆ ಮಾಡಿದರು, ಅಡ್ಡಡ್ಡ ಆಡಿಸಿದರು. ಕನ್ನಡಕ ಕದಲಲಿಲ್ಲ.

"ಮೂರು ವರ್ಷದಿಂದ ಜಾರ್ತಿತ್ತು ಇದು. ನನ್ನ ಮೂಗೇ ಸರಿ ಇಲ್ಲ ಅಂದ್ಕೊಂಡಿದ್ದೆ."

"ಮೂಗಿನದ್ದು ಯಾವತ್ತೂ ತಪ್ಪಿರಲ್ಲ ಡಾಕ್ಟರೇ," ಎಂದರು ಫಿಟ್ಟರು, ಗಿರಾಕಿಗಳಿಗೆ ಹೇಳಿ ಹೇಳಿ ರೂಢಿಯಾದ ಮಾತು. "ಫ್ರೇಮನ್ನ ಅದಕ್ಕೆ ತಕ್ಕ ಹಾಗೆ ಕೂರಿಸ್ಬೇಕು."

ಹೇಳುತ್ತಲೇ, ಉಬ್ಬಿಗೆ ಒರಗಿದ್ದ ತಮ್ಮ ಕನ್ನಡಕವನ್ನು ಮೇಲಕ್ಕೇರಿಸಿಕೊಂಡರು. ಡಾಕ್ಟರಮ್ಮ ಪೆನ್ನು ಎತ್ತಿಕೊಂಡು, "ಇಂಜೆಕ್ಷನ್ ಏನು ಮಾಡೋಣ?" ಎಂದರು. ಫಿಟ್ಟರು ಯೋಚನೆ ಮಾಡಿ ಹೇಳುತ್ತೇನೆಂದು ಎದ್ದು ಬಂದರು.

ಸಂಜೆ ಅತ್ತೆ ಹೊರಗೆ ಪೋಸ್ಟ್‌ಮಾಸ್ಟರ ಜೊತೆ ಮಾತಿಗೆ ಕೂತಿದ್ದಾಗ, ಫಿಟ್ಟರು ಅಡುಗೆಮನೆಯ ಬಾಗಿಲು ಹಾಕಿಕೊಂಡು ಹೆಂಡತಿಗೆ ಎಲ್ಲವನ್ನೂ ಹೇಳಿದರು. ಅವಳು ಪೂರ್ತಿ ಕೇಳಿಸಿಕೊಂಡು, "ನಿಮ್ಮ ಮೂಗಿಗೆ ಏನಾಗಿದೆ?" ಎಂದಳು.

"ಉಬ್ಬಿದೆಯಲ್ಲ."

"ಎಲ್ಲಿ?"

ಫಿಟ್ಟರು ತೋರಿಸಿದರು. ಅವಳು ಹತ್ತಿರ ಬಂದು, ದೀಪದ ಕಡೆಗೆ ಅವರ ಗಲ್ಲ ತಿರುಗಿಸಿ ನೋಡಿದಳು. "ಹೌದಲ್ಲ, ಇದೆ," ಎಂದಳು. ಮದುವೆಯಾಗಿ ಇಪ್ಪತ್ತನಾಲ್ಕು ವರ್ಷವಾಗಿತ್ತು. ಇದಕ್ಕೆ ಸಂತೋಷಪಡಬೇಕೋ ಬೇಸರಪಡಬೇಕೋ ಫಿಟ್ಟರಿಗೆ ತಿಳಿಯಲಿಲ್ಲ. ಅವಳು ಒಗ್ಗರಣೆ ಸೌಟನ್ನು ಕೈಗೆತ್ತಿಕೊಂಡು ಮುಂದಿನ ಕೆಲಸ ಹೇಳಿದಳು. "ಶುಕ್ರವಾರ ಆ ಡಬ್ಬಿ ತಗೊಂಡು ಹೋಗಿ. ಪೌಡರ್ ನಾನು ತರ್ತೀನಿ."

ಶುಕ್ರವಾರ ಸಾಹೇಬರ ಕೋಣೆಯಲ್ಲಿ ಜನ ಸೇರಿದ್ದರು. ಮೇಜಿನ ಹಿಂದೆ ಸಾಹೇಬರು; ನಿಯಮದ ಪುಸ್ತಕ ತಲೆದಿಂಬಾಗಿಯೂ ಬೇಕಾಗುವಂಥ ಮನುಷ್ಯ. ಪಕ್ಕದಲ್ಲಿ ಫೋನು ಹಿಡಿದ ಗುಮಾಸ್ತರು. ತಮ್ಮನ ಬಗ್ಗೆ ತಾನೇ ಕಿವಿಯಾರೆ ಕೇಳಿದ್ದೇನೆಂದು ಸಾಕ್ಷಿಗೆ ಬಂದ ಪೋಸ್ಟ್‌ಮಾಸ್ಟರು. ಗೋಡೆಯ ಪಕ್ಕದ ಬೆಂಚಿನ ಮೇಲೆ, ಅಣ್ಣನ ಪಾಪಕ್ಕೆ ತಾನೇ ಉತ್ತರ ಕೊಡಬೇಕೆಂದು ಬಿಳಿ ಸೀರೆ ಉಟ್ಟು ಬಂದ ಅತ್ತೆ. ಅವರಿಗೆ ಮೇಣದ ವಿಷಯ ಇನ್ನೂ ಯಾರೂ ಹೇಳಿರಲಿಲ್ಲ. ಹೇಳಲು ಅವರು ಬಾಯಿ ಬಿಡಗೊಟ್ಟರೆ ತಾನೇ?

"ತಮ್ಮ ಎಲ್ಲಿ?" ಎಂದರು ಸಾಹೇಬರು.

"ತಂದಿದ್ದೀನಿ ಸಾರ್," ಎಂದು ಫಿಟ್ಟರು ಜೇಬಿನಿಂದ ಡಬ್ಬಿ ತೆಗೆದರು.

ಹೆಂಡತಿ ಕೈಗನ್ನಡಿ ಹಿಡಿದಳು. ಫಿಟ್ಟರು ಮೇಣ ಮಿದ್ದಿ, ತಗ್ಗಿಗೆ ಒಂದು ಉಂಡೆ, ಕೆಳಗೆ ಅರ್ಧ ಉಂಡೆ ಇಟ್ಟು ತೀಡಿದರು. ಪೌಡರ್ ಹಾಕಿದರು. ಕೂದಲು ಹಿಂದಕ್ಕೆ ಬಾಚಿದರು. ಆ ಕಚೇರಿಯಲ್ಲಿ ಆರು ಜನ ಸೇರಿ ಹತ್ತು ನಿಮಿಷ ಯಾರೂ ಮಾತಾಡದೆ ಇದ್ದದ್ದು ಅದೇ ಮೊದಲು. ಗುಮಾಸ್ತರು ಫೋನನ್ನು ಅವರ ಕೆನ್ನೆಯ ಪಕ್ಕ ಹಿಡಿದು ನೋಡಿದರು.

"ಬಂದ್ರು ಸಾರ್. ಇವರೇ ತಮ್ಮ."

"ಇವರೇ," ಎಂದರು ಪೋಸ್ಟ್‌ಮಾಸ್ಟರು. "ಹತ್ತಿರದಿಂದಲೂ ಲಕ್ಷಣವಾಗೇ ಇದ್ದಾರೆ."

"ಸರಿ. ತಮ್ಮ ಹಾಜರು," ಎಂದು ಸಾಹೇಬರು ಬರೆದುಕೊಂಡರು. "ಈಗ ಅಣ್ಣನನ್ನ ಕರೀರಿ."

"ಅಣ್ಣನೂ ನಾನೇ ಸಾರ್."

"ನೀವು ಈಗ ತಮ್ಮ."

"ಇದನ್ನ ತೆಗೆದ್ರೆ ಅಣ್ಣ."

"ತೆಗೆದ್ರೆ ತಮ್ಮ ಹೋಗ್ಬಿಡ್ತಾನಲ್ಲ. ಇಬ್ಬರೂ ಒಟ್ಟಿಗೆ ಹಾಜರಿರಬೇಕು ಅಂತ ನಿಯಮ."

ಗುಮಾಸ್ತರು ಬಗ್ಗಿ, "ಅರ್ಧ ತೆಗೆಸಿದ್ರೆ ಹೇಗೆ ಸಾರ್?" ಎಂದರು.

"ಅರ್ಧ ಹಾಜರಿಗೆ ಅವಕಾಶ ಇಲ್ಲ," ಎಂದರು ಸಾಹೇಬರು, ಬಹಳ ದುಃಖದಿಂದ. ಅವರು ಕೆಟ್ಟವರಲ್ಲ, ನಿಯಮ ಹಾಗಿತ್ತು. ಕಡತವನ್ನು ಮುಚ್ಚಲು ಕೈ ಮುಂದೆ ಮಾಡಿದರು.

ಆಗ ಬೆಂಚು ಕಿರುಗುಟ್ಟಿತು. ಅತ್ತೆ ಎದ್ದು ನಿಧಾನವಾಗಿ ಬಂದು ಅಳಿಯನ ಮುಂದೆ ನಿಂತು, ತಮ್ಮ ಮನೆತನದ ಆ ಮೂಗನ್ನು ಒಂದು ಕ್ಷಣ ದಿಟ್ಟಿಸಿದರು. ಆಮೇಲೆ ಎರಡು ಬೆರಳಿನಿಂದ ಅದನ್ನು ಹಿಡಿದು, ಕಾಯಿ ಕೀಳುವ ಹಾಗೆ ಕಿತ್ತು, ಸಾಹೇಬರ ಕಡತದ ಮೇಲೆ ಪಟ್ಟೆಂದು ಇಟ್ಟರು.

"ಇಗೋ, ಇದು ತಮ್ಮ. ಅಗೋ, ಅಲ್ಲಿ ನಿಂತಿರೋ ದಡ್ಡ ಅಣ್ಣ. ಇಬ್ಬರೂ ಒಟ್ಟಿಗೆ ಹಾಜರಿದ್ದಾರೆ. ಹಾಕಿ ಸಹಿ."

ಸಾಹೇಬರು ಮೇಣ ನೋಡಿದರು. ಫಿಟ್ಟರನ್ನು ನೋಡಿದರು. ನಿಯಮದ ಪುಸ್ತಕ ತಿರುವಿ, ಒಂದು ಪುಟದಲ್ಲಿ ಬೆರಳಿಟ್ಟು, ಮತ್ತೆ ಮೇಣ ನೋಡಿದರು. ಇದಕ್ಕೆ ವಿರುದ್ಧವಾದದ್ದು ಅವರಿಗೆ ಎಲ್ಲೂ ಸಿಗಲಿಲ್ಲ. ಪೆನ್ನಿನ ಮುಚ್ಚಳ ತೆಗೆದು, ಗಟ್ಟಿಯಾಗಿ ಓದಿಕೊಳ್ಳುತ್ತಾ ಬರೆದರು:

"ಅರ್ಜಿದಾರರ ತಮ್ಮನೆನ್ನಲಾದ ವ್ಯಕ್ತಿಯು ಅರ್ಜಿದಾರರ ಮೂಗಿನ ಮೇಲೆಯೇ ವಾಸವಾಗಿದ್ದು, ಈ ದಿನ ಸೋದರತ್ತೆಯವರಿಂದ ನನ್ನ ಸಮಕ್ಷಮದಲ್ಲಿ ಕಳಚಲ್ಪಟ್ಟಿರುತ್ತಾನೆ. ಸದರಿ ವ್ಯಕ್ತಿಗೆ ಆಸ್ತಿಯಲ್ಲಿ ಯಾವ ಹಕ್ಕೂ ಇರುವುದಿಲ್ಲ. ಅರ್ಜಿದಾರರು ಒಬ್ಬರೇ ಮಗನೆಂದು ದೃಢಪಟ್ಟಿದೆ. ಅರ್ಜಿ ಮಂಜೂರು."

ಗುಮಾಸ್ತರು ಮೇಣವನ್ನು ಲಕೋಟೆಯೊಳಗೆ ಹಾಕಿ, ಮೇಲೆ 'ತಮ್ಮ' ಎಂದು ಬರೆದು ಕಡತಕ್ಕೆ ಪೋಣಿಸಿದರು. ಪೋಸ್ಟ್‌ಮಾಸ್ಟರು ಯಾರಿಗೂ ಹೇಳದೆ ಎದ್ದು ಹೋದರು; ಬಟವಾಡೆಗೆ ಹೊತ್ತಾಗಿತ್ತು.

ಹೊರಗಿನ ಮೆಟ್ಟಿಲ ಮೇಲೆ ಅತ್ತೆ ಕೂತುಬಿಟ್ಟರು. ಮೊದಲು ಅತ್ತರು, ಆಮೇಲೆ ನಕ್ಕರು, ನಗುತ್ತಲೇ ಇನ್ನೊಂದಿಷ್ಟು ಅತ್ತರು. "ನಮ್ಮಣ್ಣ ದೇವರಂಥವನು. ನಾನು ಪಾಪಿ, ಮೂರು ದಿನ ಅವನನ್ನ ಅನುಮಾನಿಸಿಬಿಟ್ಟೆ," ಎಂದರು.

"ತಪ್ಪು ನಂದು ಅತ್ತೆ," ಎಂದರು ಫಿಟ್ಟರು.

"ನಿಂದೇ. ಅದರಲ್ಲಿ ಎರಡು ಮಾತಿಲ್ಲ."

ಹೆಂಡತಿ ಪಕ್ಕಕ್ಕೆ ಬಂದು ಮೆಲ್ಲಗೆ, "ಇಂಜೆಕ್ಷನ್ ಏನ್ ಮಾಡಿದ್ರಿ?" ಎಂದಳು.

"ಬೇಡ ಅಂತ ಹೇಳ್ಬಿಟ್ಟೆ. ಬೆಳಿಗ್ಗೇನೇ ಫೋನ್ ಮಾಡಿ."

"ಇಂಜೆಕ್ಷನ್ನಾ?" ಅತ್ತೆಯ ಕಿವಿ ನಿಮಿರಿತು. "ಯಾರಿಗೆ? ಏನಾಗಿದೆ?"

"ಯಾರಿಗೂ ಏನೂ ಆಗಿಲ್ಲ ಅತ್ತೆ," ಎಂದರು ಫಿಟ್ಟರು. ಹಾಗೆ ಹೇಳುವಾಗಲೇ ಅದು ನಿಜವೆಂದು ಅವರಿಗೆ ಹೊಳೆಯಿತು. ಅಪ್ಪನಿಗೂ ಏನೂ ಆಗಿಲ್ಲ, ಮನೆಗೂ ಏನೂ ಆಗಿಲ್ಲ, ಕಣ್ಣಿಗೂ ಏನೂ ಆಗಿಲ್ಲ. ಮೂರು ವಾರದಿಂದ ಎದೆಯ ಮೇಲೆ ಕೂತಿದ್ದ ಭಾರ ಒಮ್ಮೆಗೇ ಇಳಿದುಹೋಯಿತು.

ಅತ್ತೆ ಅವರ ಭುಜ ಹಿಡಿದು ಎದ್ದು ನಿಂತರು. "ನಡಿ, ಹಸಿವಾಗ್ತಿದೆ. ನಮ್ಮಣ್ಣನ ಮನೆಗೆ ಹೋಗೋಣ."

"ಈಗ ನನ್ನ ಮನೆ ಅತ್ತೆ. ಬರೆದೇ ಕೊಟ್ಟಿದ್ದಾರೆ, ನೋಡಿ." ಫಿಟ್ಟರು ಕಾಗದ ಬಿಚ್ಚಿದರು.

ಅತ್ತೆ ಕಾಗದ ನೋಡಲಿಲ್ಲ. "ನಮ್ಮಣ್ಣನ ಮನೆ," ಎಂದರು.

"ಸರಿ ಅತ್ತೆ, ನಿಮ್ಮಣ್ಣನ ಮನೆ," ಎಂದು ಫಿಟ್ಟರು ಕಾಗದವನ್ನು ಮಡಿಸಿ ಒಳಜೇಬಿಗೆ ಸೇರಿಸಿ, ರಸ್ತೆ ದಾಟಿಸಲು ಅವರ ಕೈ ಹಿಡಿದುಕೊಂಡರು. ಆ ಮಧ್ಯಾಹ್ನ ಅವರಷ್ಟು ಹಗುರವಾಗಿ ನಡೆದವರು ಆ ಬೀದಿಯಲ್ಲಿ ಮತ್ತೊಬ್ಬರಿರಲಿಲ್ಲ.